ಊರು ಅಂದರೆ ಯಾರು?

ಅರಸೀಕೆರೆ ಎಂದರೆ ಹೊರಗಿನವರಿಗೆ ನೆನಪಾಗುವುದು ರೈಲ್ವೆ ಜಂಕ್ಷನ್ನು, ತೆಂಗಿನಕಾಯಿ, ಹೆಚ್ಚೆಂದರೆ ನಮ್ಮ ಮಾಲೇಕಲ್ಲು ತಿರುಪತಿಯ ಬೆಟ್ಟ. ಬೇಲೂರು, ಹಳೇಬೀಡು ನೋಡಲು ಬಂದವರು ಇಲ್ಲಿ ರೈಲಿಳಿದು ಬಸ್ಸು ಹತ್ತಿ ಹೊರಟುಬಿಡುತ್ತಾರೆ. ಕಸ್ತೂರಬಾ ಗಾಂಧಿ ರಾಷ್ಟ್ರೀಯ ಸ್ಮಾರಕ ಟ್ರಸ್ಟಿನ ಕರ್ನಾಟಕ ಶಾಖೆ ನೆಲೆಯೂರಿದ್ದು ಇದೇ ಅರಸೀಕೆರೆಯ ಕಸ್ತೂರಬಾ ಗ್ರಾಮದಲ್ಲಿ ಎಂಬುದು ಇಲ್ಲಿನ ಹುಡುಗಿಯರಿಗೇ ಅಷ್ಟಾಗಿ ಗೊತ್ತಿಲ್ಲ. ಹೆಂಗಸರು ಮುಂದೆ ನಿಂತು ಊರಿನ ಕೆಲಸ ಮಾಡುವುದೆಂದರೇನು, ಅದರಲ್ಲಿ ಸಿಗುವ ಬಲವೇನು, ಕಾಲು ಜಾರುವುದೆಲ್ಲಿ ಎಂದು ಯೋಚಿಸುವಾಗಲೆಲ್ಲ ನನಗೆ ಆ ಸಂಸ್ಥೆಯ ಕಥೆ ನೆನಪಾಗುತ್ತದೆ.

ಕಸ್ತೂರಬಾ ತೀರಿಕೊಂಡದ್ದು 1944ರ ಫೆಬ್ರವರಿ 22ರಂದು, ಪುಣೆಯ ಆಗಾಖಾನ್ ಅರಮನೆಯ ಸೆರೆಯಲ್ಲಿ. ಅವರ ನೆನಪಿಗೆ ದೇಶವೆಲ್ಲ ಹಣ ಕೂಡಿಸಿತು. ಆ ವರ್ಷ ಗಾಂಧೀಜಿಯವರ 75ನೇ ಹುಟ್ಟುಹಬ್ಬ. ಹಾಗಾಗಿ 75 ಲಕ್ಷದ ಗುರಿ ಇಟ್ಟರು. ಬಂದದ್ದು ಕೋಟಿ ರೂಪಾಯಿಗೂ ಮಿಗಿಲು. ಈ ಹಣ ಹಳ್ಳಿಯ ಹೆಂಗಸರಿಗೂ ಮಕ್ಕಳಿಗೂ ಮಾತ್ರ ಸಲ್ಲಬೇಕು, ಕೆಲಸವನ್ನು ಹೆಂಗಸರೇ ನಡೆಸಬೇಕು ಎಂದು ಗಾಂಧೀಜಿ ಪಟ್ಟುಹಿಡಿದರು. ಹಳ್ಳಿಗಳಿಂದ ಬಂದ ಹೆಣ್ಣುಮಕ್ಕಳಿಗೆ ಬಾಣಂತಿಯ ಆರೈಕೆ, ಶಿಶುವಿಹಾರ, ನೈರ್ಮಲ್ಯ, ನೂಲುವುದು ಕಲಿಸಿ, ಗ್ರಾಮಸೇವಿಕೆಯರನ್ನಾಗಿ ಮಾಡಿ ಮತ್ತೆ ಹಳ್ಳಿಗೇ ಕಳಿಸುವುದು ಟ್ರಸ್ಟಿನ ರೀತಿ. ನಮ್ಮ ಸೀಮೆಯಲ್ಲಿ ಈ ಕೆಲಸ ಕಟ್ಟಿದವರಲ್ಲಿ ಮುಖ್ಯರು ಯಶೋಧರಮ್ಮ ದಾಸಪ್ಪನವರು.

ಈ ರೀತಿಯ ಬಲ ದೊಡ್ಡದು. ಪೇಟೆಯಿಂದ ಜೀಪಿನಲ್ಲಿ ಬಂದು ಭಾಷಣ ಮಾಡಿ ಹೋಗುವವರ ಮಾತನ್ನು ಯಾವ ಬಾಣಂತಿ ಕೇಳುತ್ತಾಳೆ? ತನ್ನ ಹಾಗೆಯೇ ಸೀರೆ ಉಟ್ಟು, ತನ್ನ ಹಾಗೆಯೇ ಮುದ್ದೆ ಉಂಡು, ಮಳೆಯಲ್ಲೂ ಚಳಿಯಲ್ಲೂ ಪಕ್ಕದಲ್ಲೇ ಇರುವವಳ ಮಾತು ಬೇರೆ. ಹೊಕ್ಕುಳಬಳ್ಳಿಗೆ ಕುಡುಗೋಲು ಮುಟ್ಟಿಸಬೇಡಿ ಎಂದು ಅವಳು ಹೇಳಿದರೆ ಅಜ್ಜಿಯರೂ ತಲೆದೂಗುತ್ತಾರೆ. ನಂಬಿಕೆ ಎನ್ನುವುದು ಜೊತೆಗಿದ್ದು ಗಳಿಸುವಂಥದ್ದು. ಆದೇಶ ಹೊರಡಿಸಿ ತರುವಂಥದ್ದಲ್ಲ.

ಆದರೆ ಅಪಾಯವೂ ಅಲ್ಲೇ ಇದೆ. ಒಂಟಿ ಹೆಂಗಸು ಹಳ್ಳಿಯಲ್ಲಿ ನಿಲ್ಲಬೇಕಾದರೆ ಮನೆ ಬೇಕು, ಶಿಶುವಿಹಾರಕ್ಕೆ ಜಾಗ ಬೇಕು. ಕೊಡಬಲ್ಲವರು ಯಾರು? ಗೌಡರು, ಶಾನುಭೋಗರು, ಜಮೀನಿದ್ದವರು. ಅವರು ಒಪ್ಪಿದರೆ ಊರು ಒಪ್ಪಿದ ಹಾಗೆ. ಕೇರಿಯ ಹೆಂಗಸರು ಬಾವಿಗಟ್ಟೆಯಿಂದ ದೂರ ನಿಂತು, ಯಾರಾದರೂ ನೀರು ಹೊಯ್ಯಲಿ ಎಂದು ಕಾಯುತ್ತಿರುವಾಗ, ಆ ಮನೆಯಲ್ಲೇ ಬಿಡಾರ ಹೂಡಿದವಳು ಏನು ಮಾತಾಡಬಲ್ಲಳು? ಮಾತಾಡಿದರೆ ಶಿಶುವಿಹಾರ ಮುಚ್ಚುತ್ತದೆ. ಸುಮ್ಮನಿದ್ದರೆ ಬಾವಿ ಹಾಗೇ ಉಳಿಯುತ್ತದೆ.

ಈ ಮಾತನ್ನು ಕಸ್ತೂರಬಾ ಟ್ರಸ್ಟು ಹುಟ್ಟುವುದಕ್ಕೂ ಹನ್ನೆರಡು ವರ್ಷ ಮೊದಲೇ ಅಂಬೇಡ್ಕರರು ಎತ್ತಿದ್ದರು. 1932ರ ಪೂನಾ ಒಪ್ಪಂದದ ಬೆನ್ನಿಗೆ, ಮುಂದೆ ಹರಿಜನ ಸೇವಕ ಸಂಘವೆಂದು ಹೆಸರಾದ ಸಂಸ್ಥೆ ಶುರುವಾಯಿತು. ಅದರ ಕಾರ್ಯದರ್ಶಿ ಠಕ್ಕರ್ ಬಾಪಾ ಅವರಿಗೆ ಅಂಬೇಡ್ಕರರು ಆ ನವೆಂಬರಿನಲ್ಲಿ, ವಿಲಾಯಿತಿಗೆ ಹೋಗುವ ಹಡಗಿನಿಂದಲೇ ಒಂದು ಉದ್ದನೆಯ ಕಾಗದ ಬರೆದರು. ಶಾಲೆ, ಔಷಧಿ, ಒಳ್ಳೆಯ ಅಭ್ಯಾಸ ಎಂದಷ್ಟೇ ಕೆಲಸ ಮಾಡಿದರೆ ಸಾಲದು. ಬಾವಿ, ಶಾಲೆ, ಚಾವಡಿಗಳ ಹಕ್ಕಿಗಾಗಿ ಹಳ್ಳಿಹಳ್ಳಿಯಲ್ಲೂ ಹೋರಾಡಬೇಕು, ಗಲಭೆಯಾದರೂ ಹಿಂಜರಿಯಬಾರದು, ಕೆಲಸಗಾರರು ನೊಂದ ಜಾತಿಗಳಿಂದಲೇ ಬರಬೇಕು ಎಂಬುದು ಅವರ ವಾದ. ಗಾಂಧೀಜಿಯ ನಿಲುವು ಬೇರೆ: ಇದು ಮೇಲ್ಜಾತಿಯವರ ಪ್ರಾಯಶ್ಚಿತ್ತ, ಆದ್ದರಿಂದ ಹೊಣೆ ಅವರದೇ. ಅಂಬೇಡ್ಕರರು ಸಂಘದಿಂದ ದೂರವಾದರು. ಅದೇ ಠಕ್ಕರ್ ಬಾಪಾ ಮುಂದೆ ಕಸ್ತೂರಬಾ ನಿಧಿಯ ಕಾರ್ಯದರ್ಶಿಯೂ ಆದರು. ಅವರ ಶ್ರದ್ಧೆಯನ್ನು ಸಂಶಯಪಡುವಂತಿಲ್ಲ. ಆದರೆ ಅಂಬೇಡ್ಕರರ ಪ್ರಶ್ನೆ ಮಾತ್ರ ಹಾಗೆಯೇ ನಿಂತಿತು.

ನಮ್ಮ ಬೇಲೂರಿನಲ್ಲಿ ಇದಕ್ಕಿಂತ ಹಳೆಯ ನಿದರ್ಶನವಿದೆ. ಮೇಲುಕೋಟೆಯಲ್ಲಿದ್ದ ಹಾಗೆ ಇಲ್ಲಿಯೂ ಹೊಲೆಯರಿಗೆ ವರ್ಷದಲ್ಲಿ ಕೆಲವು ದಿನ ದೇವಸ್ಥಾನದೊಳಗೆ ಬರುವ ಹಕ್ಕಿತ್ತು ಎಂದು ಹಳೆಯ ಮೈಸೂರು ಗೆಜೆಟಿಯರು ಹೇಳುತ್ತದೆ. ಅವರಿಗೆ ತಿರುಕುಲದವರೆಂದು ಹೆಸರಿಟ್ಟು ಆ ಹಕ್ಕು ಕೊಟ್ಟವರು ರಾಮಾನುಜರು ಎಂಬುದು ಪ್ರತೀತಿ. ಆ ಕಾಲಕ್ಕೆ ಅದು ಸಣ್ಣ ಮಾತಲ್ಲ. ಆದರೂ ಕೊಟ್ಟದ್ದು ಕೆಲವು ದಿನ. ಉಳಿದ ದಿನಗಳಲ್ಲಿ ಅವರು ಎಲ್ಲಿ ನಿಲ್ಲಬೇಕೆಂದು ಅವರನ್ನು ಯಾರೂ ಕೇಳಲಿಲ್ಲ. ಒಳಗಿದ್ದವರು ಎಷ್ಟೇ ದೊಡ್ಡ ಮನಸ್ಸಿನಿಂದ ಬಾಗಿಲು ತೆರೆದರೂ ಚಿಲಕ ಒಳಗಿನವರ ಕೈಯಲ್ಲೇ ಉಳಿಯಿತು. ಅದು ಕಾನೂನಿನ ಕೈಗೆ ಬಂದದ್ದು 1950ರ ಸಂವಿಧಾನ ಮತ್ತು 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆಯಿಂದ.

ಯಶೋಧರಮ್ಮನವರ ಬದುಕಿನಲ್ಲೇ ಇನ್ನೊಂದು ಪಾಠವಿದೆ. ಅವರು ಮಂತ್ರಿಯಾಗಿದ್ದಾಗ, ಅರವತ್ತರ ದಶಕದಲ್ಲಿ, ನಿಜಲಿಂಗಪ್ಪನವರ ಸರ್ಕಾರ ಪಾನನಿಷೇಧವನ್ನು ಕೈಬಿಟ್ಟಿತು. ಅದನ್ನು ಪ್ರತಿಭಟಿಸಿ ಅವರು ರಾಜೀನಾಮೆ ಕೊಟ್ಟರು. ಕುರ್ಚಿಗಿಂತ ಮಾತು ದೊಡ್ಡದೆಂದ ಅಂಥವರು ಆಗಲೂ ವಿರಳ. 1972ರಲ್ಲಿ ಅವರಿಗೆ ಪದ್ಮಭೂಷಣ ಬಂತು. ಆದರೆ ಹೆಂಡದಂಗಡಿ ಮತ್ತೆ ತೆರೆಯಿತು. ಮೇಲಿನಿಂದ ಬಂದ ನಿಷೇಧ ಮೇಲಿನವರ ಒಂದು ಸಹಿಯಿಂದಲೇ ಹೋಯಿತು. 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿಗೆ ಸಾವಿರಾರು ಹೆಂಗಸರು ಮದ್ಯನಿಷೇಧಕ್ಕಾಗಿ ನಡೆದರು. ಕೂಲಿ ಬಿಟ್ಟು ಬಂದವರು, ಕುಡುಕ ಗಂಡಂದಿರ ಏಟು ತಿಂದವರು. ಸರ್ಕಾರ ನಿಷೇಧವನ್ನೇನೂ ತರಲಿಲ್ಲ. ಆದರೂ ಈ ಸಲ ಬೇಡಿಕೆ ಯಾರದು ಎಂಬುದರಲ್ಲಿ ಅನುಮಾನವಿರಲಿಲ್ಲ.

ಹಾಗೆಂದು, ನೊಂದವರೇ ಮುಂದಾಳುಗಳಾದರೆ ಎಲ್ಲ ಸರಿಹೋಗುತ್ತದೆ ಎನ್ನಲಾರೆ. ಎಪ್ಪತ್ತರ ದಶಕದಲ್ಲಿ ಬಿ. ಕೃಷ್ಣಪ್ಪನವರ ಮುಂದಾಳುತನದಲ್ಲಿ ಹುಟ್ಟಿದ ದಲಿತ ಸಂಘರ್ಷ ಸಮಿತಿ ಕರ್ನಾಟಕದ ಕಣ್ಣು ತೆರೆಸಿತು; ಆಮೇಲೆ ಒಡೆದು ಹಲವು ಬಣಗಳಾಯಿತು. ಅಲ್ಲಿಯೂ ವೇದಿಕೆಯ ಮೇಲೆ ಹೆಂಗಸರು ಕಡಮೆ. ಕೇರಿಯೊಳಗೂ ಒಂದು ಊರು, ಒಂದು ಕೇರಿ ಇರುತ್ತವೆ.

ಈಗ ನಮ್ಮ ಕಡೆ ಸ್ತ್ರೀಶಕ್ತಿ ಸಂಘವಿಲ್ಲದ ಹಳ್ಳಿ ಹುಡುಕಬೇಕು. ಇದನ್ನು ಓದುತ್ತಿರುವ ನಿಮ್ಮಲ್ಲೂ ಎಷ್ಟೋ ಜನ ಒಂದಲ್ಲ ಒಂದು ಮಹಿಳಾ ಸಮಾಜದಲ್ಲಿ ಇದ್ದೀರಿ. ‘ನಮ್ಮ ಸಂಘದ ತೀರ್ಮಾನ’ ಎಂದು ಹೇಳುವ ಮುಂಚೆ ಒಂದೆರಡು ವಿಷಯ ವಿಚಾರಿಸಿ ನೋಡೋಣ. ಸಭೆ ಸೇರುವುದು ಯಾರ ಜಗಲಿಯಲ್ಲಿ? ಆ ಜಗಲಿಯ ಮೇಲೆ ಎಲ್ಲರೂ ಕೂರುತ್ತಾರೆಯೇ, ಕೆಲವರು ಮೆಟ್ಟಿಲ ಬಳಿ ನಿಲ್ಲುತ್ತಾರೆಯೇ? ಪಾಸ್‌ಬುಕ್ಕು ಎಷ್ಟು ವರ್ಷದಿಂದ ಒಬ್ಬರ ಬೀರುವಿನಲ್ಲೇ ಇದೆ? ಸಭೆಯಲ್ಲಿ ತಂದ ಕಾಫಿಯನ್ನು ಎಲ್ಲರಿಗೂ ಒಂದೇ ಬಗೆಯ ಲೋಟದಲ್ಲಿ ಕೊಡುತ್ತಾರೆಯೇ? ಕಳೆದ ಸಭೆಗೆ ಬಾರದವಳು ಯಾಕೆ ಬರಲಿಲ್ಲವೆಂದು ಅವಳ ಮನೆಗೆ ಹೋಗಿ ಕೇಳಿದವರಿದ್ದಾರೆಯೇ?