ಹವ್ಯಾಸಿ ಸಿಎನ್‌ಸಿ ರೂಟರ್: ನಿಖರತೆಯ ಪರೀಕ್ಷೆ ಬೆಳೆದು ಬಂದ ಬಗೆ

ಮರ, ಎಂಡಿಎಫ್, ಅಕ್ರಿಲಿಕ್ ಹಾಳೆಗಳನ್ನು ಕಂಪ್ಯೂಟರಿನ ಆಜ್ಞೆಯಂತೆ ಕೊರೆಯುವ ಪುಟ್ಟ ಯಂತ್ರ ಹವ್ಯಾಸಿ ಸಿಎನ್‌ಸಿ ರೂಟರ್. 100 ಮಿ.ಮೀ. ಚೌಕ ಕೇಳಿದರೆ 99.6 ಕೊಡುವುದು ಅದರ ಮಾಮೂಲಿ ಕಾಯಿಲೆ. ಇದಕ್ಕೆ ಮದ್ದು ಹುಡುಕಿದವರು ಹವ್ಯಾಸಿಗಳಲ್ಲ, ಕಾರ್ಖಾನೆಯವರು. ಭಾರತದಲ್ಲಿ ಆ ವಿದ್ಯೆ ಬೇರೂರಿದ ಮುಖ್ಯ ನೆಲೆಗಳಲ್ಲೊಂದು ಉತ್ತರ ಬೆಂಗಳೂರು.

ಬರ್ಲಿನ್ನಿನ ಪ್ರಾಧ್ಯಾಪಕ ಜಾರ್ಜ್ ಶ್ಲೆಸಿಂಗರ್ 1927ರಲ್ಲಿ ಯಂತ್ರೋಪಕರಣಗಳ ಪರೀಕ್ಷಾ ಕೈಪಿಡಿಯೊಂದನ್ನು ಪ್ರಕಟಿಸಿದರು. ಅದರ ಪ್ರಕಾರ ಮೊದಲು ಯಂತ್ರದ ಮೈಕಟ್ಟನ್ನೇ ಅಳೆಯಬೇಕು: ಹಾಸು ನೇರವಿದೆಯೇ, ಸ್ಪಿಂಡಲ್ ಓಲಾಡುತ್ತದೆಯೇ, ಅಕ್ಷಗಳು ಒಂದಕ್ಕೊಂದು ಲಂಬವೇ ಎಂದು. ಮಾದರಿ ತುಂಡು ಕೊರೆದು ನೋಡುವುದು ಆಮೇಲಿನ ಮಾತು. ನಾಜಿ ಆಡಳಿತದಲ್ಲಿ ಹುದ್ದೆ ಕಳೆದುಕೊಂಡ ಶ್ಲೆಸಿಂಗರ್ ಕೊನೆಗೆ ಇಂಗ್ಲೆಂಡ್ ಸೇರಿದರು. ಅವರ ಪರೀಕ್ಷೆಯ ಕ್ರಮ ಮಾತ್ರ ಜಗತ್ತಿನ ಕಾರ್ಖಾನೆಗಳಲ್ಲೆಲ್ಲ ಉಳಿಯಿತು. ಅಮೆರಿಕದ ಜಾನ್ ಪಾರ್ಸನ್ಸ್ ಅವರ ಕಲ್ಪನೆಯಿಂದ ಹೊರಟು ಎಂಐಟಿ 1952ರಲ್ಲಿ ಸಂಖ್ಯಾ ನಿಯಂತ್ರಿತ ಮಿಲ್ಲಿಂಗ್ ಯಂತ್ರವನ್ನು ಪ್ರದರ್ಶಿಸಿದ ಮೇಲೆ ಹೊಸ ಪ್ರಶ್ನೆಯೊಂದು ಸೇರಿಕೊಂಡಿತು: ಹೇಳಿದ ಜಾಗಕ್ಕೆ ಯಂತ್ರ ಪ್ರತಿ ಸಲವೂ, ಎರಡೂ ಕಡೆಯಿಂದಲೂ, ಬಂದು ನಿಲ್ಲುತ್ತದೆಯೇ? ಐಎಸ್ಒ 230 ಮಾನಕಗಳ ಎರಡನೆಯ ಭಾಗ ಇದಕ್ಕೇ ಮೀಸಲು.

ಬೆಂಗಳೂರಿನ ಜಾಲಹಳ್ಳಿಯಲ್ಲಿ 1953ರಲ್ಲಿ ಸ್ವಿಟ್ಜರ್‌ಲೆಂಡಿನ ಓರ್ಲಿಕಾನ್ ಸಹಯೋಗದೊಂದಿಗೆ ಯಂತ್ರೋಪಕರಣ ತಯಾರಿಸುವ ಎಚ್‌ಎಂಟಿ ಹುಟ್ಟಿತು. 1962ರಲ್ಲಿ ಜೆಕೊಸ್ಲೊವಾಕಿಯದ ನೆರವಿನಿಂದ ಯಶವಂತಪುರದಾಚೆ ತುಮಕೂರು ರಸ್ತೆಯಲ್ಲಿ ಯಂತ್ರೋಪಕರಣಗಳ ಸಂಶೋಧನಾ ಸಂಸ್ಥೆ ಸಿಎಂಟಿಐ ಸ್ಥಾಪನೆಯಾಯಿತು. ಈ ಸಂಸ್ಥೆ 1982ರಲ್ಲಿ ಹೊರತಂದ ಯಂತ್ರೋಪಕರಣ ವಿನ್ಯಾಸದ ಕೈಪಿಡಿ ಇಂದಿಗೂ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಮೇಜಿನ ಮೇಲಿದೆ. ನಿಖರತೆಗೆ ತಾಪಮಾನವೂ ಮುಖ್ಯ: ಉದ್ದಗಳನ್ನು 20 ಡಿಗ್ರಿ ಸೆಲ್ಸಿಯಸ್‌ನಲ್ಲಿನ ಅಳತೆಯಾಗಿ ಹೇಳಬೇಕೆಂಬ ಅಂತರರಾಷ್ಟ್ರೀಯ ಒಪ್ಪಂದ 1931ರದ್ದು. ಉತ್ತರ ಬೆಂಗಳೂರಿನ ಕೋಗಿಲು ಬಡಾವಣೆಯ ಮನೆಯೊಂದರ ತಾರಸಿ ಶೆಡ್ಡಿನಲ್ಲಿ ಏಪ್ರಿಲ್ ಮಧ್ಯಾಹ್ನ 34 ಡಿಗ್ರಿಯಾದರೆ, ಒಂದು ಮೀಟರ್ ಉದ್ದದ ಅಲ್ಯೂಮಿನಿಯಂ ಹಳಿ 20 ಡಿಗ್ರಿಯಲ್ಲಿನ ಉದ್ದಕ್ಕಿಂತ 0.3 ಮಿ.ಮೀ.ನಷ್ಟು ಹಿಗ್ಗಿರುತ್ತದೆ. ಮೈಕ್ರಾನ್ ಮಾತಾಡುವ ಹವ್ಯಾಸಿಗಳು ಇದನ್ನು ಮರೆಯುವುದೇ ಹೆಚ್ಚು.

ಯಂತ್ರ ಮನೆಯೊಳಗೆ ಬಂದದ್ದು ತೀರ ಇತ್ತೀಚೆಗೆ. ನಾರ್ವೆಯ ಸೀಮನ್ ಸ್ವಾಲೆ ಸ್ಕೊಗ್ಸ್‌ರುಡ್ 2009ರಲ್ಲಿ ಆರ್ಡುಯಿನೊ ಬೋರ್ಡಿನ ಮೇಲೆ ಓಡುವ ಗರ್ಬ್ಲ್ ತಂತ್ರಾಂಶವನ್ನು ಮುಕ್ತವಾಗಿ ಹಂಚಿದರು. 2011ರಲ್ಲಿ ಎಡ್ವರ್ಡ್ ಫೋರ್ಡ್ ಅವರ ಶೇಪೊಕೊ ಯಂತ್ರ ಕಿಕ್‌ಸ್ಟಾರ್ಟರ್ ಮೂಲಕ ಹೊರಬಂತು. ಇವುಗಳಲ್ಲಿ ಸ್ಟೆಪ್ಪರ್ ಮೋಟಾರು ಆಜ್ಞೆ ಪಾಲಿಸಿತೋ ಇಲ್ಲವೋ ಎಂದು ತಿಳಿಸುವ ಎನ್‌ಕೋಡರ್ ಇರಲಿಲ್ಲ. ಹೆಜ್ಜೆ ತಪ್ಪಿದರೂ ಯಂತ್ರಕ್ಕೆ ಗೊತ್ತಾಗದು.

ಹೆಜ್ಜೆಗಳ ಲೆಕ್ಕ ಸರಳ. ಮೋಟಾರಿನ ಒಂದು ಸುತ್ತಿಗೆ 200 ಹೆಜ್ಜೆ, ಮೈಕ್ರೊಸ್ಟೆಪ್ 8, ಎರಡು ಮಿ.ಮೀ. ಹಲ್ಲಂತರದ ಬೆಲ್ಟಿಗೆ 20 ಹಲ್ಲಿನ ಪುಲ್ಲಿ ಇದ್ದರೆ ಸುತ್ತಿಗೆ 40 ಮಿ.ಮೀ. ಅಂದರೆ ಮಿ.ಮೀ.ಗೆ 40 ಹೆಜ್ಜೆ. ಐದು ಮಿ.ಮೀ. ಲೀಡಿನ ಬಾಲ್‌ಸ್ಕ್ರೂಗೆ 320. ಅಳತೆ ತಪ್ಪಿದೊಡನೆ ಈ ಸಂಖ್ಯೆಗೇ ಕೈ ಹಾಕುವುದು ಹವ್ಯಾಸಿ ಲೋಕದ ದೊಡ್ಡ ದುರಭ್ಯಾಸ. ಮೊದಲು 50 ಮತ್ತು 300 ಮಿ.ಮೀ.ನ ಎರಡು ತುಂಡು ಕೊರೆದು ನೋಡಬೇಕು. ಉದ್ದದ ಜೊತೆಗೆ ತಪ್ಪೂ ಬೆಳೆದರೆ ಸಂಖ್ಯೆ ತಿದ್ದಬಹುದು. ಎರಡರಲ್ಲೂ ಅದೇ 0.4 ಕಡಿಮೆ ಬಂದರೆ ಹೆಜ್ಜೆಯದೇನೂ ತಪ್ಪಿಲ್ಲ. ಬಿಟ್ಟಿನ ನಿಜವಾದ ವ್ಯಾಸ, ಅದನ್ನು ಹಿಡಿಯುವ ಕಾಲೆಟ್ಟಿನ ಓಲಾಟ (ರನ್‌ಔಟ್), ಬಾಗುವ ಗ್ಯಾಂಟ್ರಿ (ಸ್ಪಿಂಡಲ್ ಹೊರುವ ಅಡ್ಡತೊಲೆ) ಅಥವಾ ಅಕ್ಷದ ಸಡಿಲ, ಅಂದರೆ ಪ್ಲೇ, ಕಾರಣ. ಆಗ ಸಂಖ್ಯೆ ತಿದ್ದಿದರೆ ಒಂದು ಅಳತೆ ಸರಿಹೋಗಿ ಮಿಕ್ಕವೆಲ್ಲ ಕೆಡುತ್ತವೆ.

ಗ್ಯಾಂಟ್ರಿ ಓರೆಯಾಗಿದೆಯೇ ಎಂದು ತಿಳಿಯಲು ಮೂಲೆಮಟ್ಟಕ್ಕಿಂತ ಕರ್ಣಗಳೇ ಲೇಸು. 600 ಮಿ.ಮೀ. ಚೌಕದಲ್ಲಿ ಒಂದು ಮಿ.ಮೀ. ಓರೆಯಿದ್ದರೂ ಎರಡು ಕರ್ಣಗಳ ನಡುವೆ 1.4 ಮಿ.ಮೀ. ವ್ಯತ್ಯಾಸ ಕಾಣಿಸುತ್ತದೆ.

ಪ್ಲೇ ಹಿಡಿಯುವುದು ಡಯಲ್ ಗೇಜಿನ ಕೆಲಸ: ಒಂದು ದಿಕ್ಕಿಗೆ ಸರಿಸಿ, ಅಷ್ಟೇ ಹಿಂದಕ್ಕೆ ತಂದಾಗ ಮುಳ್ಳು ಎಷ್ಟು ಹಿಂದುಳಿಯಿತೋ ಅಷ್ಟು ಪ್ಲೇ. ಅಮೆರಿಕದ ಮಾನಕ ಸಂಸ್ಥೆಯ ಯೋಜನೆಯೊಂದರಿಂದ ಬೆಳೆದ ನಿಯಂತ್ರಣ ತಂತ್ರಾಂಶ ಲಿನಕ್ಸ್‌ಸಿಎನ್‌ಸಿ ಇದನ್ನು ಲೆಕ್ಕದಲ್ಲೇ ಸರಿದೂಗಿಸುತ್ತದೆ. ಮೂಲ ಗರ್ಬ್ಲ್‌ನಲ್ಲಿ ಆ ಸೌಲಭ್ಯವಿಲ್ಲ. ಇದ್ದರೂ ಅದನ್ನು ಪೂರ್ತಿ ನಂಬುವಂತಿಲ್ಲ, ಏಕೆಂದರೆ ಮರದ ಎಳೆತ ಬಿಟ್ಟನ್ನು ಆ ಸಡಿಲದೊಳಗೇ ಅತ್ತಿತ್ತ ಆಡಿಸುತ್ತದೆ. ನಟ್ ಬಿಗಿ ಮಾಡುವುದೇ ವಾಸಿ.

ಕ್ಯಾಲಿಫೋರ್ನಿಯದ ಲಿವರ್‌ಮೋರ್ ಪ್ರಯೋಗಾಲಯದ ಜೇಮ್ಸ್ ಬ್ರಯನ್ 1982ರಲ್ಲಿ ವಿವರಿಸಿದ ಬಾಲ್‌ಬಾರ್, ಯಂತ್ರವನ್ನು ವೃತ್ತದಲ್ಲಿ ಸುತ್ತಿಸಿ ಹಲವು ದೋಷಗಳನ್ನು ಒಟ್ಟಿಗೇ ಬಯಲು ಮಾಡುತ್ತದೆ. ಅದು ದುಬಾರಿ ಉಪಕರಣ. ಎಂಡಿಎಫ್ ತುಂಡಿನಲ್ಲಿ ಕೊರೆದ ಅಂಗೈಯಗಲದ ಬಿಲ್ಲೆಯೂ ಒರಟಾಗಿ ಅದೇ ಕೆಲಸ ಮಾಡುತ್ತದೆ. ಅಕ್ಷ ದಿಕ್ಕು ಬದಲಿಸುವ ನಾಲ್ಕು ಕಡೆ ಬಿಲ್ಲೆ ಚಪ್ಪಟೆಯಾಗಿದ್ದರೆ ಪ್ಲೇ ಇದೆ. ಓರೆಯಾದ ಅಂಡಾಕಾರ ಬಂದರೆ ಗ್ಯಾಂಟ್ರಿ ಲಂಬವಾಗಿಲ್ಲ. ಒಂದು ಅಕ್ಷದುದ್ದಕ್ಕೂ ನೇರವಾಗಿ ಹಿಗ್ಗಿದ ಅಂಡಾಕಾರ ಬಂದರೆ, ಆಗ ಮಿ.ಮೀ.ಗೆ ಎಷ್ಟು ಹೆಜ್ಜೆ ಎಂಬ ಸಂಖ್ಯೆಯನ್ನು ಅನುಮಾನಿಸಬಹುದು.