‘ಕಾಯೌ ಶ್ರೀ ಗೌರಿ’ಯಿಂದ ನಾಡಗೀತೆಯವರೆಗೆ

ಮೈಸೂರು ಸಂಸ್ಥಾನವು ಐವತ್ತು ವರ್ಷಗಳ ಕಮಿಷನರುಗಳ ಆಳ್ವಿಕೆಯನ್ನು ಕಂಡು 1881ರಲ್ಲಿ ಮತ್ತೆ ಒಡೆಯರ ಕೈಸೇರಿದಾಗ ಅಧಿಕಾರ ವಹಿಸಿಕೊಂಡವರು ಚಾಮರಾಜೇಂದ್ರ ಒಡೆಯರು. ಶಾಕುಂತಲವನ್ನು ಕನ್ನಡಕ್ಕೆ ತಂದು ‘ಅಭಿನವ ಕಾಳಿದಾಸ’ರೆನಿಸಿದ ಅವರ ಆಸ್ಥಾನಕವಿ ಬಸವಪ್ಪ ಶಾಸ್ತ್ರಿಗಳು ರಚಿಸಿದ ‘ಕಾಯೌ ಶ್ರೀ ಗೌರಿ’ಯು ಸಂಸ್ಥಾನದ ರಾಷ್ಟ್ರಗೀತೆಯಾಗಿ ನಿಂತಿತು. ಬ್ರಿಟಿಷರ ರಾಜಗೀತೆಯು ದೇವರಲ್ಲಿ ಅರಸನ ರಕ್ಷೆಯನ್ನು ಬೇಡಿದರೆ, ಇದು ಅದೇ ಬೇಡಿಕೆಯನ್ನು ದೇವಿಯ ಮುಂದಿಟ್ಟಿತು. ಇದರ ರಾಗವಾದ ಧೀರಶಂಕರಾಭರಣವು, ಅಂದರೆ ಮೇಳಕರ್ತ ಕ್ರಮದ ಇಪ್ಪತ್ತೊಂಬತ್ತನೆಯ ರಾಗವು, ಪಾಶ್ಚಾತ್ಯರ ಮೇಜರ್ ಸ್ವರಶ್ರೇಣಿಗೆ ಸರಿಹೊಂದುವುದರಿಂದ, ವಿದ್ವಾಂಸರ ಕಂಠಕ್ಕೂ ಅರಮನೆಯ ಬ್ಯಾಂಡಿನ ಕಹಳೆಗೂ ಅದು ಸಮನಾಗಿ ಒಗ್ಗಿತು.

ಮೈಸೂರಿನ ಎಲ್ಲೆ ದಾಟಿದರೆ ಈ ಗೀತೆಗೆ ಅರ್ಥವಿರಲಿಲ್ಲ. ಮುಂಬಯಿ, ಮದರಾಸು, ಹೈದರಾಬಾದು, ಕೊಡಗು ಎಂದು ಹರಿದು ಹಂಚಿಹೋಗಿದ್ದ ಕನ್ನಡಿಗರಿಗೆ ಹರಸಬೇಕಾದ ಒಬ್ಬ ದೊರೆ ಇರಲಿಲ್ಲ. ಇನ್ನೂ ಹುಟ್ಟಬೇಕಾಗಿದ್ದ ಒಂದು ನಾಡು ಮಾತ್ರ ಇತ್ತು. 1924ರ ಡಿಸೆಂಬರಿನಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ನಡೆದ ಕಾಂಗ್ರೆಸ್ ಅಧಿವೇಶನದಲ್ಲಿ, ಗದಗಿನ ಹುಯಿಲಗೋಳ ನಾರಾಯಣರಾಯರ ‘ಉದಯವಾಗಲಿ ನಮ್ಮ ಚೆಲುವ ಕನ್ನಡ ನಾಡು’ ಮೊಳಗಿದ್ದು ಆ ಕೊರತೆಯಿಂದಲೇ. ‘ಆಗಲಿ’ ಎಂಬ ವಿಧ್ಯರ್ಥಕ ರೂಪ, ಎಂದರೆ ಹಾರೈಕೆಯ ಕ್ರಿಯಾಪದ, ಇಡೀ ಏಕೀಕರಣ ಚಳವಳಿಯ ಆಶಯವನ್ನು ಒಂದೇ ಮಾತಿನಲ್ಲಿ ಹಿಡಿದಿಟ್ಟಿತು. ಮುಂದಿನ ಮೂರು ದಶಕಗಳ ಕಾಲ ಏಕೀಕರಣದ ಸಭೆಗಳಿಗೆ ಪ್ರಾಣವಾಗಿದ್ದ ಈ ಗೀತೆಯ ಹಾರೈಕೆ 1956ರ ನವೆಂಬರ್ 1ರಂದು ಫಲಿಸಿತು. ಫಲಿಸಿದ ಹಾರೈಕೆಯನ್ನು ಮತ್ತೆ ಮತ್ತೆ ಹಾಡುವುದು ಕಷ್ಟ. ಆದರೂ ಆ ಗೀತೆಗೆ ಕನ್ನಡಿಗರು ಸಲ್ಲಿಸಬೇಕಾದ ಋಣ ಇನ್ನೂ ತೀರಿಲ್ಲ.

2004ರಲ್ಲಿ ಅಧಿಕೃತ ನಾಡಗೀತೆಯಾದ ಕುವೆಂಪು ಅವರ ‘ಜಯ ಭಾರತ ಜನನಿಯ ತನುಜಾತೆ’ಯಲ್ಲಿ ಬೇಡಿಕೆಯೂ ಇಲ್ಲ, ಹಾರೈಕೆಯೂ ಇಲ್ಲ, ಇರುವುದು ಜಯಕಾರ. ಕರ್ನಾಟಕವು ಭಾರತಮಾತೆಯ ಮಗಳು ಎಂಬ ಸಂಬಂಧವನ್ನು ಮೊದಲ ಪದಗಳಲ್ಲೇ ಸಾರುವ ಈ ಗೀತೆಯಲ್ಲಿ ತೈಲಪನೂ ಹೊಯ್ಸಳರೂ ಹಿಂದೆ ಆಳಿದವರಾಗಿ ಬರುತ್ತಾರೆ, ಪಂಪ ರನ್ನರು ಅವರ ಜೊತೆಗೇ ನಿಲ್ಲುತ್ತಾರೆ, ಆದರೆ ಜಯಕಾರ ಸಲ್ಲುವುದು ನಾಡಿಗೆ. ಅರಸನಿಂದ ನಾಡಿಗೆ ಗೌರವದ ನೆಲೆ ಬದಲಾದದ್ದೇ ಈ ಮೂರು ಗೀತೆಗಳ ಚರಿತ್ರೆಯ ತಿರುಳು. ನಾಡಗೀತೆಯನ್ನು ಮೈಸೂರು ಅನಂತಸ್ವಾಮಿಯವರ ಧಾಟಿಯಲ್ಲಿ, ಎರಡು ನಿಮಿಷ ಮೂವತ್ತು ಸೆಕೆಂಡುಗಳಲ್ಲಿ ಹಾಡಬೇಕೆಂದು ರಾಜ್ಯ ಸರ್ಕಾರ 2022ರಲ್ಲಿ ಆದೇಶಿಸಿತು. ‘ಕಾಯೌ ಶ್ರೀ ಗೌರಿ’ ಇಂದಿಗೂ ದಸರೆಯ ಖಾಸಗಿ ದರ್ಬಾರಿನಲ್ಲಿ ಕೇಳಿಬರುತ್ತದೆ.