ಎಲ್‌ಕೆಜಿಯೊಳಗಿನ ಜರ್ಮನ್ ತೋಟ

ಮೊದಲೇ ಹೇಳಿಬಿಡ್ತೀನಿ, ನಾನು ಇತಿಹಾಸ ಓದಿದವನಲ್ಲ. ಓದಿದ್ದು ಎಂಜಿನಿಯರಿಂಗು, ಹೊಟ್ಟೆಪಾಡಿಗೆ ಮಾಡೋದು ಸಾಫ್ಟ್‌ವೇರು. ಆದರೂ ಕಳೆದ ಒಂದೆರಡು ತಿಂಗಳಿಂದ ರಾತ್ರಿ ಮಗಳು ಮಲಗಿದ ಮೇಲೆ ಕೂತು ಓದುತ್ತಿರೋದು ಪೂರಾ ಇತಿಹಾಸವೇ. ಅದಕ್ಕೆ ಕಾರಣ ಒಂದು ಫ್ರಿಜ್ಜು.

ನಾವಿರೋದು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್‌ನಲ್ಲಿ. ಆಫೀಸಿನ ಗೆಳೆಯನೊಬ್ಬನ ಹೆಂಡತಿ ಜರ್ಮನಿಯವಳು. ಅವರಿಗೆ ನಾಲ್ಕು ವರ್ಷದ ಅವಳಿ ಹುಡುಗರು. ಅಪ್ಪನ ಜೊತೆ ಇಂಗ್ಲಿಷು, ಅಮ್ಮನ ಜೊತೆ ಜರ್ಮನ್, ಎರಡೂ ಸಲೀಸು. ಒಂದು ಶನಿವಾರ ಅವರ ಮನೆಗೆ ಊಟಕ್ಕೆ ಹೋದಾಗ ಫ್ರಿಜ್ಜಿನ ಬಾಗಿಲ ಮೇಲೆ ಒಂದು ಹಾಳೆ ಅಂಟಿಸಿದ್ದು ಕಾಣಿಸಿತು. ಮೇಲೆ ದಪ್ಪಕ್ಷರದಲ್ಲಿ 'ಆಪ್ಫೆಲ್', ಅಂದರೆ ಸೇಬು. ಕೆಳಗೆ ಸೋಮವಾರದಿಂದ ಶುಕ್ರವಾರದವರೆಗೆ ಐದು ಸಾಲು. ಸೋಮವಾರ ಸೇಬನ್ನು ಅಡ್ಡಡ್ಡ ಕತ್ತರಿಸಿ ಒಳಗಿನ ನಕ್ಷತ್ರ ನೋಡೋದು, ಮಂಗಳವಾರ ಬೀಜ ಎಣಿಸೋದು, ಬುಧವಾರ ಕೇಕು, ಗುರುವಾರ ಸೇಬಿನ ಹೋಳನ್ನು ಬಣ್ಣದಲ್ಲಿ ಅದ್ದಿ ಅಚ್ಚೊತ್ತೋದು, ಶುಕ್ರವಾರ ಬೆರಳಾಟದ ಹಾಡು. ಮುಂದಿನ ವಾರಕ್ಕೆ ಎಲೆಗಳು. ನವೆಂಬರ್ 11ರ ಸಂತ ಮಾರ್ಟಿನ್ ಹಬ್ಬ ಬಂದಾಗ ಕಾಗದದ ಲಾಂದ್ರ. ಎಲ್ಲವೂ ಜರ್ಮನ್ನಿನಲ್ಲೇ, ಅಡುಗೆಮನೆಯ ಮೇಜಿನ ಮೇಲೇ.

ನಾನು ನಮ್ಮ ಮಗಳ ಕಡೆ ನೋಡಿದೆ. ಅವಳಿಗೆ ಮೂರು ವರ್ಷ. ನಾವು ಕನ್ನಡದಲ್ಲಿ ಏನು ಕೇಳಿದರೂ ಅರ್ಥವಾಗುತ್ತೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತೆ. ಊರಿಗೆ ಫೋನ್ ಮಾಡಿದಾಗ ನಮ್ಮಮ್ಮ "ಏನಂತಾಳೋ ಅವಳು?" ಅಂತ ಕೇಳಿದರೆ ನಾನು ಅನುವಾದ ಮಾಡಬೇಕು. ಸ್ವಂತ ಅಜ್ಜಿ ಮೊಮ್ಮಗಳ ನಡುವೆ ದುಭಾಷಿ ಕೆಲಸ! ನಗು ಬರುತ್ತೆ, ಆಮೇಲೆ ಬರಲ್ಲ.

ಈ ವಾರಕ್ಕೊಂದು ವಿಷಯದ ಪದ್ಧತಿ ಎಲ್ಲಿಂದ ಬಂತು ಅಂತ ಆಕೆಯನ್ನು ಕೇಳಿದೆ. "ನಮ್ಮೂರ ಶಿಶುವಿಹಾರದಲ್ಲಿ ಹೀಗೇ ಮಾಡ್ತಿದ್ದರು" ಅಂದಳು. ಅಲ್ಲಿಂದ ಶುರುವಾಯಿತು ನೋಡಿ ನನ್ನ ಹುಡುಕಾಟ.

ನಮ್ಮೂರುಗಳಲ್ಲಿ ಗಲ್ಲಿಗೊಂದು ಎಲ್‌ಕೆಜಿ, ಯುಕೆಜಿ ಇರುತ್ತಲ್ಲ, ಅದರಲ್ಲಿನ 'ಕೆಜಿ' ಅಂದರೆ ಕಿಂಡರ್‌ಗಾರ್ಟನ್. ಇಂಗ್ಲಿಷ್ ಮೀಡಿಯಮ್ಮಿನ ಬಾಗಿಲಲ್ಲೇ ನಿಂತಿರುವ ಆ ಪದ ಇಂಗ್ಲಿಷಿನದಲ್ಲ, ಅಪ್ಪಟ ಜರ್ಮನ್. ಮಕ್ಕಳ ತೋಟ ಅಂತ ಅರ್ಥ. ಆ ಹೆಸರಿಟ್ಟವನು ಫ್ರೀಡ್ರಿಕ್ ಫ್ರೋಬೆಲ್. 1782ರಲ್ಲಿ ಜರ್ಮನಿಯ ಟ್ಯೂರಿಂಗಿಯಾ ಪ್ರಾಂತ್ಯದ ಒಬರ್‌ವೈಸ್‌ಬಾಕ್ ಎಂಬ ಹಳ್ಳಿಯಲ್ಲಿ ಪಾದ್ರಿಯೊಬ್ಬರ ಮಗನಾಗಿ ಹುಟ್ಟಿದ. ವರ್ಷ ತುಂಬುವ ಮೊದಲೇ ತಾಯಿ ತೀರಿಕೊಂಡಳು. ಮುಂದೆ ಕಾಡಿನ ಕೆಲಸ ಕಲಿತ, ಮೇಷ್ಟ್ರಾದ, ನೆಪೋಲಿಯನ್ ವಿರುದ್ಧ ಸೈನ್ಯ ಸೇರಿದ, ಆಮೇಲೆ ಬರ್ಲಿನ್‌ನಲ್ಲಿ ಹರಳುಗಳ ಸಂಗ್ರಹಾಲಯದಲ್ಲಿ ಸಹಾಯಕನಾದ. ಮಕ್ಕಳ ಶಿಕ್ಷಣಕ್ಕೂ ಹರಳಿಗೂ ಏನು ಸಂಬಂಧ ಅಂತೀರಾ? ಇದೆ. 1837ರಲ್ಲಿ ಬಾಡ್ ಬ್ಲಾಂಕನ್‌ಬುರ್ಗ್ ಎಂಬ ಊರಲ್ಲಿ ಪುಟ್ಟ ಮಕ್ಕಳಿಗಾಗಿ ಸಂಸ್ಥೆ ತೆರೆದಾಗ ಅವನು ಮಾಡಿಸಿದ ಆಟದ ಸಾಮಾನುಗಳೆಲ್ಲ ಜ್ಯಾಮಿತಿಯೇ. ಮೊದಲು ಆರು ಬಣ್ಣದ ಉಣ್ಣೆಯ ಚೆಂಡು. ಆಮೇಲೆ ಮರದ ಗೋಲ, ಘನ, ಉರುಳೆ. ಆಮೇಲೆ ಎಂಟು ಪುಟ್ಟ ಘನಗಳಾಗಿ ಬಿಚ್ಚಿಕೊಳ್ಳುವ ದೊಡ್ಡ ಘನ. ಇವಕ್ಕೆ ಅವನು 'ಉಡುಗೊರೆ' ಅಂತ ಕರೆದ. 1840ರಲ್ಲಿ ಇಡೀ ಪದ್ಧತಿಗೆ ಕಿಂಡರ್‌ಗಾರ್ಟನ್ ಅಂತ ಹೆಸರಿಟ್ಟ.

ಆದರೆ ನನಗೆ ಹಿಡಿಸಿದ್ದು ಅವನು 1844ರಲ್ಲಿ ತಂದ ಇನ್ನೊಂದು ಪುಸ್ತಕ, ತಾಯಂದಿರಿಗಾಗಿ ಬರೆದ ಆಟದ ಹಾಡುಗಳದ್ದು. ಒಂದೊಂದು ಆಟಕ್ಕೂ ಒಂದು ವಿಷಯ, ಒಂದು ಚಿತ್ರ, ಒಂದು ಬೆರಳಾಟ. ಗಾಳಿ ತೋರಿಸುವ ಹುಂಜ, ಬಡಗಿ, ಇದ್ದಿಲು ಸುಡುವವನು, ಹುಲ್ಲು ಕೊಯ್ಯೋದು... ಹುಲ್ಲು ಕೊಯ್ದರೆ ಹಸುವಿಗೆ, ಹಸುವಿನಿಂದ ಹಾಲು, ಹಾಲು ಮಗುವಿಗೆ. ಮನೆಯಾಚೆಯ ಲೋಕವನ್ನು ಒಂದೊಂದೇ ತುಣುಕಾಗಿ ತಾಯಿಯ ತೊಡೆಯ ಮೇಲೆ ತಂದಿಡುವ ಕೆಲಸ. ಗಮನಿಸಿ, ಪುಸ್ತಕ ಬರೆದದ್ದು ಶಾಲೆಗಲ್ಲ, ಮನೆಗೆ. ತಾಯಿಯನ್ನೇ ನೋಡದ ಮನುಷ್ಯ ತಾಯಂದಿರಿಗೆ ಬರೆದ ಪುಸ್ತಕ ಅನ್ನೋದೂ ಓದುವಾಗ ಮನಸ್ಸಲ್ಲೇ ಇರುತ್ತೆ.

ಇಷ್ಟು ನಿರುಪದ್ರವಿ ಮನುಷ್ಯನಿಗೆ ಸರ್ಕಾರದ ಕಾಟ ತಪ್ಪಲಿಲ್ಲ. 1848ರ ಕ್ರಾಂತಿ ಸೋತ ಮೇಲೆ ಪ್ರಷ್ಯಾದಲ್ಲಿ ಹೊಸತೆಂಬುದೆಲ್ಲದರ ಮೇಲೂ ಅನುಮಾನ. 1851ರ ಆಗಸ್ಟಿನಲ್ಲಿ ನಾಸ್ತಿಕತೆ ಹರಡುತ್ತವೆ ಅನ್ನುವ ಕಾರಣ ಕೊಟ್ಟು ಪ್ರಷ್ಯಾ ಸರ್ಕಾರ ಕಿಂಡರ್‌ಗಾರ್ಟನ್‌ಗಳನ್ನೇ ನಿಷೇಧಿಸಿತು. ಕಾರ್ಲ್ ಫ್ರೋಬೆಲ್ ಎಂಬ ಸೋದರನ ಮಗನೊಬ್ಬ ತೀವ್ರವಾದಿ. ಅವನ ಬರಹವನ್ನು ಇವನ ತಲೆಗೆ ಕಟ್ಟಿದ್ದರು. ಹೆಸರಿನ ಗೊಂದಲ! (ಡೇಟಾಬೇಸಿನಲ್ಲಿ ಹೆಸರನ್ನೇ ಪ್ರೈಮರಿ ಕೀ ಮಾಡಬಾರದು ಅಂತ ನಮಗೆ ಹೇಳಿಕೊಡೋದು ಇದಕ್ಕೇ :) ) ತಪ್ಪು ತಿದ್ದಲು ಎಷ್ಟು ಮನವಿ ಮಾಡಿದರೂ ಆಗಲಿಲ್ಲ. ಮರುವರ್ಷ ಜೂನಿನಲ್ಲಿ ಫ್ರೋಬೆಲ್ ತೀರಿಕೊಂಡ. ನಿಷೇಧ ತೆರವಾದದ್ದು 1860ರಲ್ಲಿ.

ಆದರೆ ಬೀಜಗಳು ಅಷ್ಟರಲ್ಲಿ ಗಾಳಿಗೆ ಹಾರಿದ್ದವು. ಹ್ಯಾಂಬರ್ಗ್‌ನಲ್ಲಿ ಫ್ರೋಬೆಲ್‌ನ ಪಾಠ ಕೇಳಿದವರಲ್ಲಿ ಮಾರ್ಗರೇಟೆ ಮೇಯರ್ ಎಂಬ ಹದಿಹರೆಯದ ಹುಡುಗಿಯೂ ಇದ್ದಳು. ಅವಳ ಅಕ್ಕ ಬೆರ್ಟಾ ರೋಂಗೆ ಗಂಡನ ಜೊತೆ ಲಂಡನ್‌ಗೆ ಹೋಗಿ 1851ರಲ್ಲಿ ಅಲ್ಲೊಂದು ಕಿಂಡರ್‌ಗಾರ್ಟನ್ ತೆರೆದಳು. ಅಕ್ಕನಿಗೆ ನೆರವಾಗಲು ಹೋದ ಮಾರ್ಗರೇಟೆಗೆ ಅಲ್ಲಿ ಸಿಕ್ಕಿದವನು ಕಾರ್ಲ್ ಶುರ್ಟ್ಸ್, 1848ರ ಕ್ರಾಂತಿಯಲ್ಲಿದ್ದು ದೇಶ ಬಿಟ್ಟು ಓಡಿಬಂದ ತರುಣ. 1852ರಲ್ಲಿ ಮದುವೆಯಾಗಿ ಇಬ್ಬರೂ ಅಮೆರಿಕದ ಹಡಗು ಹತ್ತಿದರು. ಕೊನೆಗೆ ಬಂದು ನೆಲೆಸಿದ್ದು ಎಲ್ಲಿ ಅಂತೀರಿ? ನಮ್ಮದೇ ವಿಸ್ಕಾನ್ಸಿನ್‌ನ ವಾಟರ್‌ಟೌನ್‌ನಲ್ಲಿ. ಆಗ ಅದು ಜರ್ಮನರೇ ತುಂಬಿದ್ದ ಊರು. ಕಾರ್ಲ್‌ನ ಬಂಧುಗಳೂ ಅಲ್ಲೇ ಇದ್ದರು.

1856ರಲ್ಲಿ ಮಾರ್ಗರೇಟೆ ತನ್ನ ಮಗಳು ಅಗಾಥೆಯನ್ನೂ ಬಂಧುಗಳ ನಾಲ್ಕು ಮಕ್ಕಳನ್ನೂ ಸೇರಿಸಿಕೊಂಡು ಫ್ರೋಬೆಲ್‌ನ ಆಟ, ಹಾಡು, ಕೈಕೆಲಸ ಶುರು ಮಾಡಿದಳು, ಜರ್ಮನ್ ಭಾಷೆಯಲ್ಲಿ. ಮೊದಲು ಮನೆಯಲ್ಲೇ, ಆಮೇಲೆ ಪೇಟೆಯ ಒಂದು ಸಣ್ಣ ಕಟ್ಟಡದಲ್ಲಿ. ಅಮೆರಿಕದ ಮೊದಲ ಕಿಂಡರ್‌ಗಾರ್ಟನ್ ಅಂತ ಹೆಸರಾದದ್ದು ಇದೇ. ಮಗಳಿಗೆ ಆಗ ಮೂರು ವರ್ಷ. ತಾಯಿಗೂ ಹೆಚ್ಚು ವಯಸ್ಸಾಗಿರಲಿಲ್ಲ.

ಈ ಸಾಲು ಓದಿದ ಮರುವಾರವೇ ವಾಟರ್‌ಟೌನ್‌ಗೆ ಹೋಗಿಬಂದೆವು. ನಮ್ಮ ಮನೆಯಿಂದ ಕಾರಿನಲ್ಲಿ ಒಂದು ಗಂಟೆಯೂ ಆಗಲ್ಲ. ಆ ಕಟ್ಟಡವನ್ನು 1956ರಲ್ಲಿ ಎತ್ತಿ ತಂದು ಊರಿನ ಅಷ್ಟಕೋನ ಮನೆಯ ಮ್ಯೂಸಿಯಮ್ಮಿನ ಅಂಗಳದಲ್ಲಿ ಇಟ್ಟಿದ್ದಾರೆ. ಎಷ್ಟು ಚಿಕ್ಕದು ಅಂದರೆ, ನಮ್ಮೂರ ಕಡೆ ಪಂಪ್‌ಸೆಟ್ ಮನೆಯನ್ನು ಸ್ವಲ್ಪ ದೊಡ್ಡದು ಮಾಡಿದ ಹಾಗೆ. ಮಗಳು ಒಳಗಿನ ಪುಟ್ಟ ಕುರ್ಚಿ ನೋಡಿ ಕೂರಲು ಹೊರಟಳು, ಹಿಡಿದುಕೊಳ್ಳುವಷ್ಟರಲ್ಲಿ ಸಾಕಾಯ್ತು. ಅಮೆರಿಕದ ಕೋಟ್ಯಂತರ ಮಕ್ಕಳು ಹೋಗಿಬಂದ ತರಗತಿಯ ಮೂಲ ಇಷ್ಟೇನಾ ಅನ್ನಿಸಿತು. ಪಠ್ಯಕ್ರಮ ಸಮಿತಿಯಿಲ್ಲ, ಇಲಾಖೆಯಿಲ್ಲ. ದೂರದೇಶಕ್ಕೆ ಬಂದ ಒಬ್ಬ ತಾಯಿ, ಒಂದು ಮೇಜು, ಐದು ಮಕ್ಕಳು.

ಮುಂದಿನದು ಚುರುಕಾಗಿ ನಡೆಯಿತು. 1859ರಲ್ಲಿ ಬಾಸ್ಟನ್‌ನಲ್ಲಿ ಎಲಿಜಬೆತ್ ಪೀಬಾಡಿ ಎಂಬ ಶಿಕ್ಷಕಿ ಮಾರ್ಗರೇಟೆಯನ್ನೂ ಮಗಳನ್ನೂ ಭೇಟಿಯಾದಳು. ಮಗುವಿನ ನಡವಳಿಕೆ ಕಂಡು ಬೆರಗಾಗಿ ವಿಷಯ ತಿಳಿದುಕೊಂಡು, 1860ರಲ್ಲಿ ಇಂಗ್ಲಿಷಿನಲ್ಲಿ ಕಿಂಡರ್‌ಗಾರ್ಟನ್ ತೆರೆದಳು. 1873ರಲ್ಲಿ ಸೇಂಟ್ ಲೂಯಿಸ್‌ನಲ್ಲಿ ಸೂಸನ್ ಬ್ಲೋ ಅದನ್ನು ಸರ್ಕಾರಿ ಶಾಲೆಯ ಒಳಗೆ ತಂದಳು. ನಮ್ಮ ಭಾಷೆಯಲ್ಲಿ ಹೇಳೋದಾದರೆ ಸ್ಪೆಸಿಫಿಕೇಶನ್ ಹಾಗೇ ಇಟ್ಟು ಬೇರೆ ಲ್ಯಾಂಗ್ವೇಜಿಗೆ ಪೋರ್ಟ್ ಮಾಡಿದರು. ಹೆಸರು ಮಾತ್ರ ಜರ್ಮನ್ನಿನಲ್ಲೇ ಉಳಿಯಿತು.

ಸರಿ, ಫ್ರಿಜ್ಜಿನ ಮೇಲಿನ ಹಾಳೆಗೆ ಬರೋಣ. ಅದರ ತವರು ಬರ್ಲಿನ್. ಫ್ರೋಬೆಲ್‌ನ ಬಂಧುವೂ ಶಿಷ್ಯೆಯೂ ಆಗಿದ್ದ ಹೆನ್ರಿಯೆಟೆ ಶ್ರಾಡರ್ ಬ್ರೈಮಾನ್ 1870ರ ದಶಕದಲ್ಲಿ ಅಲ್ಲಿ ಬಡ ಕುಟುಂಬಗಳ ಮಕ್ಕಳಿಗಾಗಿ ಕಿಂಡರ್‌ಗಾರ್ಟನ್ ಕಟ್ಟಿದಳು. ಅದೇ ಬೆಳೆದು ಪೆಸ್ಟಾಲೊಟ್ಸಿ ಫ್ರೋಬೆಲ್ ಹೌಸ್ ಆಯಿತು. ಮರದ ಘನಗಳ ಜ್ಯಾಮಿತಿಯನ್ನೇ ಶಿಸ್ತಿನಿಂದ ಆಡಿಸುವುದು ಅವಳಿಗೆ ಒಣಕಲು ಅನ್ನಿಸಿತು. ಬದಲಿಗೆ 'ತಿಂಗಳ ವಸ್ತು' ಎಂಬ ಪದ್ಧತಿ ತಂದಳು. ಒಂದು ತಿಂಗಳಿಡೀ ಒಂದೇ ವಿಷಯ, ಅದೂ ಮನೆ, ತೋಟ, ಪ್ರಾಣಿಗಳಿಂದ ಆರಿಸಿದ ನಿಜವಾದ ವಿಷಯ. ಬಟಾಣಿ ಅಂದುಕೊಳ್ಳಿ. ಬಿತ್ತು, ನೀರು ಹಾಕು, ಸುಲಿ, ಎಣಿಸು, ಬೇಯಿಸು, ತಿನ್ನು, ಚಿತ್ರ ಬರಿ, ಹಾಡು. ಮಗು ಒಂದೇ ವಸ್ತುವಿನ ಸುತ್ತ ಹತ್ತು ಕಡೆಯಿಂದ ಸುತ್ತುತ್ತೆ, ಕೈ ಕೆಲಸ ಮಾಡುತ್ತಿರುವಾಗಲೇ ಕಿವಿಗೆ ಮಾತು ಬೀಳುತ್ತೆ. ಇವತ್ತಿನ ಶಾಲೆಗಳ 'ಥೀಮ್' ಎನ್ನುವುದಕ್ಕೆ ಇದು ಅಜ್ಜಿ ಅನ್ನಬಹುದು. ಎರಡು ಭಾಷೆಯ ಮನೆಗೆ ಇದು ಯಾಕೆ ಒಗ್ಗುತ್ತೆ ಅಂತ ಆಗ ಹೊಳೆಯಿತು. ದಿನಕ್ಕೆ ಹತ್ತು ಹೊಸ ಪದ ಕಲಿಸಹೋದರೆ ಮಗು ಓಡಿಹೋಗುತ್ತೆ. ಒಂದೇ ಸೇಬಿನ ಜೊತೆ ಐದು ದಿನ ಕಳೆದರೆ, ಸಿಪ್ಪೆ, ಬೀಜ, ತೊಟ್ಟು, ಹುಳಿ ಎಲ್ಲ ತಾವಾಗಿ ಐವತ್ತು ಸಲ ಬಂದುಹೋಗುತ್ತವೆ.

ಇಲ್ಲಿಗೇ ನಿಲ್ಲಿಸಿದ್ದರೆ ಸಂತೋಷದ ಕತೆಯಾಗುತ್ತಿತ್ತು. ಆದರೆ ವಿಸ್ಕಾನ್ಸಿನ್‌ನ ಜರ್ಮನ್ ಏನಾಯ್ತು?

ಒಂದು ಕಾಲಕ್ಕೆ ಮಿಲ್ವಾಕಿಯನ್ನು ಜರ್ಮನ್ ಅಥೆನ್ಸ್ ಅಂತ ಕರೆಯುತ್ತಿದ್ದರು. 1889ರಲ್ಲಿ ಶಾಲೆಗಳಲ್ಲಿ ಇಂಗ್ಲಿಷಿನಲ್ಲೇ ಪಾಠ ಕಡ್ಡಾಯ ಮಾಡುವ ಬೆನೆಟ್ ಕಾಯ್ದೆ ಬಂದಾಗ ಜರ್ಮನರು ರೊಚ್ಚಿಗೆದ್ದು ಮರುವರ್ಷದ ಚುನಾವಣೆಯಲ್ಲಿ ಗವರ್ನರನನ್ನೇ ಸೋಲಿಸಿದರು. 1891ರಲ್ಲಿ ಕಾಯ್ದೆ ರದ್ದಾಯಿತು. ಅಷ್ಟು ಬಲ! ಆದರೆ 1917ರಲ್ಲಿ ಅಮೆರಿಕ ಮೊದಲ ಮಹಾಯುದ್ಧಕ್ಕೆ ಇಳಿದದ್ದೇ ತಡ, ಜರ್ಮನ್ ಶತ್ರುವಿನ ಭಾಷೆಯಾಯಿತು. ಪಕ್ಕದ ಅಯೋವಾ ರಾಜ್ಯದ ಗವರ್ನರ್ 1918ರ ಮೇ ತಿಂಗಳಲ್ಲಿ ಶಾಲೆ, ಚರ್ಚು, ಸಾರ್ವಜನಿಕ ಸ್ಥಳ, ಕೊನೆಗೆ ಟೆಲಿಫೋನಿನಲ್ಲೂ ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಆಡಬಾರದೆಂದು ಘೋಷಿಸಿದ. ನೆಬ್ರಾಸ್ಕಾದಲ್ಲಿ 1919ರ ಕಾನೂನು ಎಂಟನೇ ತರಗತಿ ಮುಗಿಯುವ ಮುನ್ನ ಬೇರೆ ಭಾಷೆ ಕಲಿಸುವುದನ್ನೇ ಅಪರಾಧ ಮಾಡಿತು. 1920ರಲ್ಲಿ ರಾಬರ್ಟ್ ಮೇಯರ್ ಎಂಬ ಮೇಷ್ಟ್ರು ಹತ್ತು ವರ್ಷದ ಹುಡುಗನಿಗೆ ಜರ್ಮನ್ ಓದಿಸಿದ್ದಕ್ಕೆ 25 ಡಾಲರ್ ದಂಡ ಬಿತ್ತು. ಆತ ಬಿಡಲಿಲ್ಲ, ಸುಪ್ರೀಂ ಕೋರ್ಟ್‌ವರೆಗೆ ಹೋದ. 1923ರಲ್ಲಿ ತೀರ್ಪು ಅವನ ಪರ, ಏಳು ಎರಡರ ಬಹುಮತದಲ್ಲಿ.

ಕೋರ್ಟಿನಲ್ಲಿ ಗೆದ್ದರು, ಅಡುಗೆಮನೆಯಲ್ಲಿ ಸೋತರು. ಅಷ್ಟರಲ್ಲಿ ಎಷ್ಟೋ ಮನೆಗಳಲ್ಲಿ ಅಪ್ಪ ಅಮ್ಮ ಮಕ್ಕಳ ಜೊತೆ ಜರ್ಮನ್ ಆಡುವುದನ್ನು ನಿಲ್ಲಿಸಿಬಿಟ್ಟಿದ್ದರು. ನಮ್ಮ ಆಫೀಸಿನಲ್ಲಿ ಜರ್ಮನ್ ಅಡ್ಡಹೆಸರಿನವರು ಸಾಲುಸಾಲಾಗಿ ಸಿಗುತ್ತಾರೆ. ಭಾಷೆ ಬರುತ್ತಾ ಅಂದರೆ ನಕ್ಕು "ಮುತ್ತಜ್ಜಿಗೆ ಬರ್ತಿತ್ತಂತೆ" ಅಂತಾರೆ.

ನನ್ನನ್ನು ಕಾಡಿದ್ದು ಇದೇ. ನನಗೆ ಯಾರೂ ದಂಡ ಹಾಕಿಲ್ಲ. ಫೋನಿನಲ್ಲಿ ಕನ್ನಡ ಆಡಬೇಡ ಅಂತ ಯಾವ ಗವರ್ನರೂ ಹೇಳಿಲ್ಲ. ಆದರೂ ನಮ್ಮನೆಯಲ್ಲಿ ಅದೇ ಆಗುತ್ತಿದೆ, ಅದೂ ಒಂದೇ ತಲೆಮಾರಿನಲ್ಲಿ, ನನ್ನ ಸುಸ್ತು ಮತ್ತು ಲ್ಯಾಪ್‌ಟಾಪಿನ ಕೃಪೆಯಿಂದ. ಅವಳು ಇಂಗ್ಲಿಷಿನಲ್ಲಿ ಕೇಳಿದರೆ ನಾನೂ ಇಂಗ್ಲಿಷಿನಲ್ಲೇ ಉತ್ತರ ಹೇಳಿ ಕೆಲಸ ಮುಗಿಸ್ತೀನಿ.

ಕಳೆದ ವಾರ ನಮ್ಮ ಫ್ರಿಜ್ಜಿನ ಮೇಲೂ ಒಂದು ಹಾಳೆ ಬಂತು. ಮೇಲೆ ದಪ್ಪಕ್ಷರದಲ್ಲಿ 'ತೆಂಗಿನಕಾಯಿ'. ಸೋಮವಾರ ಅಲ್ಲಾಡಿಸಿ ನೀರಿನ ಸದ್ದು ಕೇಳೋದು, ಜುಟ್ಟಿನ ನಾರು ಕೀಳೋದು. ಮಂಗಳವಾರ ಒಡೆಯೋದು (ತಾರಸಿಯ ಕಲ್ಲಿನ ಮೇಲೆ, ಪಕ್ಕದ ಮನೆಯವರು ಗಾಬರಿಯಾದರು). ಬುಧವಾರ ತುರಿಯೋದು, ಗುರುವಾರ ಕೊಬ್ಬರಿ ಮಿಠಾಯಿ, ಶುಕ್ರವಾರ ಕರಟಕ್ಕೆ ಬಣ್ಣ. ಗುರುವಾರ ನನಗೆ ಮೀಟಿಂಗ್ ಇದ್ದು ಮಿಠಾಯಿ ಆಗಲಿಲ್ಲ, ಶನಿವಾರಕ್ಕೆ ಹೋಯಿತು. ಮಾರ್ಗರೇಟೆಗೆ ಆನ್‌ಕಾಲ್ ಡ್ಯೂಟಿ ಇರಲಿಲ್ಲ ಬಿಡಿ.

ಭಾನುವಾರ ಫೋನಿನಲ್ಲಿ ಮಗಳು ಬಣ್ಣ ಬಳಿದ ಕರಟ ಹಿಡಿದು ತೋರಿಸಿ, "ಅಜ್ಜೀ, ಲುಕ್, ನನ್ ಕರಟ!" ಅಂದಳು. ಮೂರು ಪದದಲ್ಲಿ ಎರಡು ಕನ್ನಡ, ಅಜ್ಜಿಯನ್ನು ಲೆಕ್ಕಕ್ಕೆ ಹಿಡಿದರೆ ನಾಲ್ಕರಲ್ಲಿ ಮೂರು. ನಮ್ಮಮ್ಮ ಏನಂದಳೋ ಅಂತ ನನ್ನನ್ನು ಕೇಳಲಿಲ್ಲ. ನೇರ ಅವಳಿಗೇ "ಯಾವ ಬಣ್ಣ ಹಾಕಿದೆ ಪುಟ್ಟಾ?" ಅಂತ ಕೇಳಿದರು.

ಮುಂದಿನ ವಾರಕ್ಕೆ ಮಳೆ ಅಂತ ಬರೆದಿದ್ದೇನೆ. ಆಮೇಲಿನ ವಾರ ಇನ್ನೂ ಖಾಲಿಯಿದೆ. ನಿಮ್ಮ ಮನೇಲಿ ಪುಟಾಣಿಗಳಿದ್ದರೆ, ಒಂದು ವಾರವಿಡೀ ಆಡಬಹುದಾದ ಒಂದು ವಸ್ತು ಹೊಳೆದರೆ, ನನಗೂ ಹೇಳಿ ಆಯ್ತಾ?